ಗುಡ್ಡಕ್ಕೆ ಹೊದಿಸಿದ ಟಾರ್ಪಾಲು

ಮಳೆಗಾಲದ ಮೊದಲ ವಾರ ನೀವೇನಾದರೂ ನಮ್ಮ ಕರಿಕೆಯ ಕಡೆ ಬಂದರೆ, ಗೆಳೆಯರೇ, ಮನೆಮನೆಯ ಹಿಂದೆ ನೀಲಿ ಟಾರ್ಪಾಲು ಹೊದ್ದು ಕೂತ ಗುಡ್ಡಗಳನ್ನು ಕಾಣುತ್ತೀರಿ. ಜಾಗ ಅಗಲ ಮಾಡಲೆಂದು ಗುಡ್ಡದ ಬುಡ ಕಡಿದಾಗ ನೆಟ್ಟಗೆ ಉಳಿಯುವ ಮಣ್ಣಿನ ಗೋಡೆಗೆ ನಮ್ಮಲ್ಲಿ ಬರೆ ಎನ್ನುತ್ತಾರೆ. ಬೇಸಿಗೆಯಲ್ಲಿ ಬರೆ ಕಡಿಯುವುದು, ಮಳೆ ಹಿಡಿದೊಡನೆ ಅದಕ್ಕೆ ನೆಗಡಿಯಾದೀತೆಂದು ಟಾರ್ಪಾಲು ಹೊದಿಸಿ ಅಂಚಿಗೆ ಕಲ್ಲು ಹೇರುವುದು, ಇದು ನಮ್ಮ ವಾರ್ಷಿಕ ಕರ್ಮ. ಅಚಲವೆಂದು ಭಾಷಣದಲ್ಲಿ ಹೊಗಳಿದ ಸಹ್ಯಾದ್ರಿಗೆ ಮನೆಗೆ ಬಂದು ರೇನ್‌ಕೋಟು ತೊಡಿಸುವ ಜನ ಬೇರೆಲ್ಲಾದರೂ ಇದ್ದಾರೋ ನಾನರಿಯೆ.

ಇದರಲ್ಲಿ ನಾನು ಸಾಮಾನ್ಯ ಅಪರಾಧಿಯಲ್ಲ, ಭೂಗೋಳದ ಮೇಷ್ಟ್ರು. ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಪಶ್ಚಿಮ ಘಟ್ಟವನ್ನು ಸಾಲು ತ್ರಿಕೋನಗಳಾಗಿ ಬರೆದು ಮಕ್ಕಳ ಕಣ್ಣಿಗೆ ಸೀಮೆಸುಣ್ಣದ ಪುಡಿ ಎರಚಿದವನು. ನಿಜ ಹೇಳಬೇಕೆಂದರೆ ಇದು ಸರಿಯಾದ ಪರ್ವತವೇ ಅಲ್ಲ. ಒಂದಾನೊಂದು ಕಾಲದಲ್ಲಿ ನಮ್ಮ ನೆಲದ ಪಶ್ಚಿಮ ಮಗ್ಗುಲಿಗೆ ಅಂಟಿಕೊಂಡಿದ್ದ ಭೂಭಾಗ, ಮನಸ್ತಾಪವಾದ ದಾಯಾದಿಯಂತೆ ಪಾಲು ಹರಿದುಕೊಂಡು ಸಮುದ್ರದಾಚೆ ಹೋದಾಗ ಉಳಿದ ಪ್ರಸ್ಥಭೂಮಿಯ ಹರಕು ಅಂಚು. ಆ ಅಂಚನ್ನು ಕೋಟಿಗಟ್ಟಲೆ ವರ್ಷ ಮಳೆ ಕೊರೆದು ಉಳಿಸಿದ್ದಕ್ಕೆ ನಾವು ಶಿಖರವೆಂಬ ಬಿರುದು ಕೊಟ್ಟಿದ್ದೇವೆ. ಅಂಚು ಮೇಲೆದ್ದು, ಉಳಿದ ಹಾಸು ಪೂರ್ವಕ್ಕೆ ವಾಲಿರುವುದರಿಂದಲೇ ನಮ್ಮ ಕಾವೇರಿ ಪಕ್ಕದ ಕಡಲಿಗೆ ಬೆನ್ನು ಹಾಕಿ, ನಾಡೆಲ್ಲ ಸುತ್ತಿ, ದಾರಿಯುದ್ದಕ್ಕೂ ಜಗಳ ಹಂಚಿ, ಇನ್ನೊಂದು ಕಡಲನ್ನು ಸೇರುತ್ತಾಳೆ. ಕರಿಕೆಯ ಹೊಳೆಗಳಿಗೆ ಅಷ್ಟು ವ್ಯವಧಾನವಿಲ್ಲ, ಹುಟ್ಟಿದ್ದೇ ತಡ ಕೇರಳಕ್ಕೆ ಧುಮುಕುತ್ತವೆ.

ಇಷ್ಟೆಲ್ಲ ಬಲ್ಲ ನಾನು, ನಿವೃತ್ತನಾದ ವರ್ಷ, ಕಾಫಿ ಒಣಗಿಸುವ ಕಣ ಸಾಲದೆಂದು ಅಡುಗೆಮನೆಯ ಹಿಂದಿನ ಗುಡ್ಡಕ್ಕೆ ಜೆಸಿಬಿ ಹಚ್ಚಿದೆ. "ಅಡ್ಗೆಮನೆ ಬೆನ್ನಿಗೇ ಬರೆ ಬೇಡ" ಎಂದಳು ಹೆಂಡತಿ ದಮಯಂತಿ. ಲೋಕದಲ್ಲಿ ಮೀನು ಹುಟ್ಟುವುದಕ್ಕೂ ಮೊದಲಿನ ಶಿಲೆಯಿದು, ನಮ್ಮ ಕಾಲಕ್ಕೆ ಏನೂ ಆಗದೆಂದು ಅವಳಿಗೆ ಅರ್ಧ ಗಂಟೆ ಪಾಠ ಮಾಡಿದೆ. ಸಂಜೆ ಜೆಸಿಬಿಯ ಡ್ರೈವರ್ ಕೈ ಒರೆಸಿಕೊಳ್ಳುತ್ತ, "ಒಂದು ಕಲ್ಲೂ ಸಿಕ್ಕಿಲ್ಲ ಸಾರ್, ಬರೀ ಮಣ್ಣು, ಬೇಗ ಮುಗೀತು" ಎಂದ. ಬೇಗ ಮುಗಿಯಿತಲ್ಲ ಎಂದು ನಾನು ಹಿಗ್ಗಿದೆ. ಅಷ್ಟು ಕಾಲ ಬಿಸಿಲು ಮಳೆ ತಿಂದ ಶಿಲೆ ನಿಂತಲ್ಲೇ ಕೊಳೆತು, ಗುಡ್ಡದ ಆಕಾರವೊಂದನ್ನು ಉಳಿಸಿಕೊಂಡು, ಒಳಗೆ ಆಳದವರೆಗೂ ಕೆಂಪು ಮಣ್ಣಾಗಿರುತ್ತದೆಂದು ಮಕ್ಕಳಿಗೆ ನೋಟ್ಸ್ ಬರೆಸಿದವನೂ ನಾನೇ. ಹಳೆಯದೆಲ್ಲ ಗಟ್ಟಿಯೆಂಬ ನಂಬಿಕೆ ನಮ್ಮಂಥ ವಯಸ್ಸಾದವರಿಗೆ ಬಹಳ ಹಿತವಾದದ್ದು.

ಮೂರನೆಯ ಮಳೆಗಾಲದಲ್ಲಿ ಬರೆಯ ಬುಡದಿಂದ ಜಲ ಒಡೆಯಿತು. ತಿಳಿಯಾಗಿದ್ದ ನೀರು ಕೆಂಪಾದದ್ದನ್ನು ಮೊದಲು ಕಂಡವಳು ದಮಯಂತಿ. ಅಂತರ್ಜಲದ ಬಗ್ಗೆ ನಾನು ಆರಾಮಕುರ್ಚಿಯಿಂದ ವಿವರಿಸುತ್ತಿದ್ದಂತೆಯೇ ಅವಳು ಸ್ಟೌವು, ಸಿಲಿಂಡರು, ಉಪ್ಪಿನಕಾಯಿ ಭರಣಿಗಳನ್ನೆಲ್ಲ ಒಂದೊಂದಾಗಿ ಮುಂದಿನ ಕೋಣೆಗೆ ಸಾಗಿಸಿ, ಅಡುಗೆಮನೆಯ ಬಾಗಿಲೆಳೆದುಕೊಂಡಳು. ಮಧ್ಯಾಹ್ನ ಗುಡ್ಡ ಜರಿಯಿತು. ಟಾರ್ಪಾಲಿನ ಸಮೇತ ಹಿಂದಿನ ಗೋಡೆ ಒಡೆದು ಒಳಬಂದ ಮಣ್ಣು, ಅವಳು ದಿನಾ ಆ ಹೊತ್ತಿಗೆ ಅಕ್ಕಿರೊಟ್ಟಿ ತಟ್ಟುತ್ತ ನಿಲ್ಲುವ ಜಾಗದಲ್ಲಿ ಎದೆಮಟ್ಟ ನಿಂತಿತ್ತು. ಅವಳನ್ನು ನಾನೇ ಕೊಲ್ಲುತ್ತಿದ್ದೆನೆಂಬ ಭಯವೂ ನಾಚಿಕೆಯೂ ಒಟ್ಟಿಗೆ ಬಂದವು.

ಮಾರನೆಯ ದಿನ ಅವಳ ಅಣ್ಣ ಕುಶಾಲಪ್ಪ ಬಂದ. "ಜೆಸಿಬಿ ತರ್ಸಿ ಮಣ್ಣು ತೆಗೆಸುವ, ಬಾವ" ಎಂದ. ನಾನು ಉತ್ತರಿಸುವ ಮೊದಲೇ ದಮಯಂತಿ, "ಕಾಲ್ ನೀಡಿದ ಗುಡ್ಡೆನ ಪುನ ಎಬ್ಸುದು ಬೇಡ" ಎಂದಳು. ಜರಿದ ಮಣ್ಣೇ ಉಳಿದ ಗುಡ್ಡಕ್ಕೆ ಆಸರೆ, ತೆಗೆದರೆ ಮೇಲಿನದೂ ಇಳಿಯುತ್ತದೆ; ನನ್ನ ಮೂವತ್ತು ವರ್ಷದ ನೋಟ್ಸಿನಲ್ಲಿ ಇಷ್ಟು ಸರಿಯಾದ ವಾಕ್ಯ ಒಂದೂ ಇರಲಿಲ್ಲ. ಬಿದ್ದ ಮಣ್ಣನ್ನು ಬಿದ್ದಲ್ಲೇ ಬಿಟ್ಟೆವು. ಕಣ ಹೋಯಿತು, ಕಾಫಿಯನ್ನು ಈಗ ಹಣ್ಣಾಗಿಯೇ ಮಾರುತ್ತೇವೆ, ಅಡುಗೆ ಮುಂದಿನ ಕೋಣೆಯಲ್ಲೇ ನಡೆಯುತ್ತದೆ.

ಈ ವರ್ಷ ಮೊದಲ ಮಳೆ ಸುರಿದ ಬೆಳಗ್ಗೆ ಅವಳು ರೊಟ್ಟಿ ಮಗುಚುತ್ತ, ತಲೆಯೆತ್ತದೆ ಕೇಳಿದಳು: "ಉಳ್ದ ಗುಡ್ಡೆ ಈ ಮಳೆಗೆ ನಿಂತದಾ?" ಇಳಿಜಾರು, ಬಿರುಕು, ಒಸರು ನೀರು ಎಂದು ಗಂಟಲವರೆಗೂ ಬಂದ ಪಾಠವನ್ನು ನುಂಗಿಕೊಂಡು, ಮೂವತ್ತು ವರ್ಷ ತರಗತಿಯಲ್ಲಿ ಒಮ್ಮೆಯೂ ಆಡದ ಮಾತನ್ನು ಆಡಿದೆ. "ನಂಗೆ ಗೊತ್ತಿಲ್ಲೆ" ಎಂದೆ. ಅವಳು ಒಲೆ ಆರಿಸಿ, ಮೂರ್ನಾಡಿನ ತಂಗಿಗೆ ಫೋನು ಮಾಡಿ, ಮಳೆಗಾಲ ಕಳೆಯುವಷ್ಟು ಇಬ್ಬರ ಬಟ್ಟೆ ಕಟ್ಟತೊಡಗಿದಳು. ನನ್ನ ಭೂಗೋಳವನ್ನು ಅವಳು ನಂಬಿದ್ದು ಅದೇ ಮೊದಲು.