ಗಂಟಿಗೆ ಅವಸರವಿಲ್ಲ

ನನ್ನ ಮುಖ ಕೆಂಪಾದರೆ ನಮ್ಮೂರು ಮುಚ್ಚಂಡಿಯ ಜನ ಬಾಯಿ ಮೂಸಲು ಹತ್ತಿರ ಬರುತ್ತಾರೆ. ಹಣೆಗೆ ವಿಭೂತಿ ಹಚ್ಚಿ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತವನು ಹಾಡಹಗಲೇ ಕಿವಿಯವರೆಗೆ ಕೆಂಪೇರಿದರೆ ಅವರಾದರೂ ಏನೆಂದು ತಿಳಿದಾರು? ಒಂದು ತುತ್ತು ಖಾರ ತಿಂದರೆ ಸಾಕು, ತುಸು ಸಿಟ್ಟು ಬಂದರೂ ಸಾಕು, ಒಳಗೆ ಯಾರೋ ಒಲೆ ಹೊತ್ತಿಸಿದಂತಾಗುತ್ತದೆ. ಹನಿ ಮುಟ್ಟದವನಿಗೆ ಕುಡುಕನೆಂಬ ಕೀರ್ತಿ ಪುಕ್ಕಟೆ ಬಂತು.

ಮಿರಜದ ಡಾಕ್ಟರು ಇದಕ್ಕೆ ಬೇರೆ ಹೆಸರು ಹೇಳಿದರು: ನ್ಯೂರೋಎಂಡೋಕ್ರೈನ್ ಟ್ಯೂಮರ್. ಸಣ್ಣ ಕರುಳಿನಲ್ಲೊಂದು ಗಂಟು, ಯಕೃತ್ತಿನಲ್ಲಿ ಅದರದೇ ಒಂದು ಮರಿ. ಅವು ರಕ್ತಕ್ಕೆ ಏನೋ ರಸ ಬಿಡುತ್ತವಂತೆ, ಅದಕ್ಕೇ ಈ ಕೆಂಪು. ಕ್ಯಾನ್ಸರಿನ ಜಾತಿಯೇ, ಆದರೆ ಅವಸರವಿಲ್ಲದ್ದು, ನಿಧಾನವಾಗಿ ಬೆಳೆಯುತ್ತದೆ ಎಂದು ಸಮಾಧಾನ ಹೇಳಿದರು. ನನಗೇನೂ ಸಮಾಧಾನವಾಗಲಿಲ್ಲ. ಓಡಿ ಬರುವ ಹೋರಿಯಾದರೆ ಪಕ್ಕಕ್ಕೆ ಜಿಗಿಯಬಹುದು; ನಿಂತು ಮೆಲುಕು ಹಾಕುತ್ತ ನಮ್ಮನ್ನೇ ನೋಡುವ ಹೋರಿಯೆದುರು ಏನು ಮಾಡುವುದು?

ಆಮೇಲೆ ಅವರು ಮೂರು ದಾರಿ ಮುಂದಿಟ್ಟರು. ಹೊಟ್ಟೆ ತೆರೆದು ಎರಡನ್ನೂ ತೆಗೆಸುವುದು; ಗಂಡಾಂತರವಿದೆ, ಆದರೆ ಈಗ ತೆಗೆಯಲು ಬರುತ್ತದೆ, ಮುಂದೆ ಹೇಗೋ ಹೇಳಲಾಗದು. ಇಲ್ಲವೇ ತಿಂಗಳಿಗೊಂದು ಇಂಜೆಕ್ಷನ್ ಚುಚ್ಚಿಸಿಕೊಂಡು ಹದ್ದುಬಸ್ತಿನಲ್ಲಿಡುವುದು. ಅದೂ ಬೇಡವೆಂದರೆ ಆಗಾಗ ಸ್ಕ್ಯಾನ್ ಮಾಡಿಸುತ್ತ ಸದ್ಯಕ್ಕೆ ಸುಮ್ಮನೆ ನೋಡುತ್ತಿರುವುದು. ಆರಿಸುವುದು ನಿಮಗೆ ಬಿಟ್ಟದ್ದು ಎಂದರು. ಸೀರೆಗಳ ಗುಡ್ಡೆ ಹಾಕಿಸಿ, ಸೆರಗು ಬಿಚ್ಚಿಸಿ, ಬಿಸಿಲಿಗೆ ಹಿಡಿದು ನೋಡಿ, ಕಡೆಗೆ ಮುಂದಿನ ವಾರ ಬರ್ತೀವ್ರಿ ಎಂದು ಎದ್ದು ಹೋಗುವ ಗಿರಾಕಿಗಳೆಂದರೆ ನನಗೆ ಮೈಯೆಲ್ಲ ಉರಿ. ಡಾಕ್ಟರಿಗೆ ನಾನು ಹೇಳಿ ಬಂದದ್ದೂ ಅದೇ ಮಾತು.

ವಾರಗಳು ಹೋದವು. ಒಂದು ಕಡೆ ಕೂರಲಾರೆ. ಅಳೆದ ಬಟ್ಟೆಯನ್ನೇ ಮತ್ತೆ ಅಳೆಯುತ್ತೇನೆ. ಬೆಳಿಗ್ಗೆ ಆಪರೇಶನ್ ಅನ್ನಿಸಿದರೆ ಮಧ್ಯಾಹ್ನ ಇಂಜೆಕ್ಷನ್, ಸಂಜೆಗೆ ಏನೂ ಬೇಡ. ಬಾಲಗಾಂವದ ಬೀಗರು ನಾಲ್ಕನೆಯ ದಾರಿಯೆಂದು ಯಾವುದೋ ಬೇರು ಕಳಿಸಿಕೊಟ್ಟರು. ಸಾಯಲು ನನಗೇನೂ ಹೆದರಿಕೆಯಿಲ್ಲ ಎಂದು ಎಲ್ಲರೆದುರೂ ಹೇಳುತ್ತಿದ್ದೆ. ಶುದ್ಧ ಸುಳ್ಳು. ಭಾಳ ಹೆದರಿದ್ದೆ.

ಕಡೆಗೆ ನನ್ನ ಹೆಂಡತಿ ಶಿವಲೀಲಾ, ದೇವರಿಗೆ ಹೂ ಹಚ್ಚಿ ಕೇಳೋಣ ಎಂದಳು. ನಮ್ಮ ಕಡೆ ಮದುವೆ, ಬಾವಿ, ಎಮ್ಮೆಯ ಖರೀದಿ ಎಲ್ಲಕ್ಕೂ ಇದೇ ಪದ್ಧತಿ: ಒದ್ದೆ ಹೂವನ್ನು ದೇವರ ಮೈಗೆ ಅಂಟಿಸಿ ಕಾಯಬೇಕು, ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಸೊರಡಿ ಹಾದಿಯ ಗುಡಿಗೆ ಹೋದೆವು. ಮೂರು ದಾರಿಯ ಕಥೆ ಕೇಳಿ ಪೂಜಾರಿಗೇ ತಲೆ ಗಿರ್ ಅಂದಿತು. ಹೂವಿಗಿರುವುದು ಎರಡೇ ದಿಕ್ಕು, ಒಂದೇ ಪ್ರಶ್ನೆ ಕೇಳಿ ಎಂದರು. ಆಪರೇಶನ್ ಮಾಡಿಸುವುದೋ ಬೇಡವೋ ಎಂದು ಕೇಳಿದೆವು.

ಹೂ ಬೀಳಲೇ ಇಲ್ಲ. ಕಣ್ಣು ಮುಚ್ಚಿದೆವು, ತೆರೆದೆವು, ನಡುವೆಯೇ ಅಂಟಿಕೊಂಡಿತ್ತು. ದೇವರು ಇನ್ನೂ ವಿಚಾರ ಮಾಡುತ್ತಿದ್ದಾನೆ, ಕಾಯಿರಿ ಎಂದರು ಪೂಜಾರಿ. ನನಗೋ ಒಳಗೊಳಗೇ ಹಿಗ್ಗು, ನನ್ನಂಥವನೇ ಮತ್ತೊಬ್ಬ ಸಿಕ್ಕನಲ್ಲ ಎಂದು. ಸುಮ್ಮನೆ ನೋಡುತ್ತಿರುವುದೇ ದೇವರ ಮನಸ್ಸು ಎಂದು ಹೇಳಲು ಹೆಂಡತಿಯ ಕಡೆ ತಿರುಗಿದೆ. ಅವಳು ಆಗಲೇ ಎದ್ದು ಸೆರಗು ಕೊಡವುತ್ತಿದ್ದಳು.

"ಅವಂಗೇನ್ರಿ, ಯುಗಾ ಯುಗಾ ವಿಚಾರ ಮಾಡ್ಕೋಂತ ಕುಂದರ್ತಾನ. ನನಗ ನೀವೊಬ್ಬರೇ ಅದೀರಿ. ಏಳ್ರಿ, ಆಪರೇಶನ್ ಮಾಡ್ಸೂಣು."

ಅಂದೇ ಜತ್ತಿಗೆ ಹೋಗಿ ಮಿರಜದ ಬಸ್ಸು ಹಿಡಿದು, ಆಪರೇಶನ್ನಿಗೆ ಹೆಸರು ಬರೆಸಿ ಬಂದೆವು. ಆಮೇಲೆ ಹೂ ಯಾವ ಕಡೆ ಬಿತ್ತೋ ತಿಳಿಯದು. ಬಲಕ್ಕೆ ಬಿದ್ದಿದ್ದರೆ ಮಾತ್ರ ತಿಳಿಸಿ ಎಂದು ಪೂಜಾರಿಗೆ ಹೇಳಿ ಕಳಿಸಿದ್ದೇನೆ.