ರಾಧಾಮಣಿ ಕಟ್ಟಿದ ಕ್ವಿಜ್

ಪುಟ್ಟೇನಹಳ್ಳಿಯ ರಾಧಾಮಣಿ ಮೂವತ್ತಾರನೆಯ ವಯಸ್ಸಿನಲ್ಲಿ ವೆಬ್‌ಸೈಟ್ ಮಾಡುವುದನ್ನು ಕಲಿಯಲು ಕುಳಿತದ್ದು ಅಪ್ಪನಿಗಾದ ಅವಮಾನವನ್ನು ಕಂಡು.

ಅಪ್ಪ ಮುನಿಗಂಗಪ್ಪ ನಿವೃತ್ತ ಬಸ್ ಕಂಡಕ್ಟರ್. ಯಾವ ದೇಶದ ರಾಜಧಾನಿ ಕೇಳಿದರೂ ಥಟ್ಟನೆ ಹೇಳುವವರು. ರಾಜ್ಯೋತ್ಸವಕ್ಕೆ ಬಡಾವಣೆಯ ಸಂಘ ನಡೆಸುವ ಕ್ವಿಜ್‌ನಲ್ಲಿ ನಾಲ್ಕು ಸಲ ಗೆದ್ದಿದ್ದರು. 2015ರಲ್ಲಿ ಸಂಘದವರು ಕ್ವಿಜ್ಜನ್ನು ಕಂಪ್ಯೂಟರಿಗೆ ಹಾಕಿದರು. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಅವರ ದೃಷ್ಟಿಯನ್ನು ಮುಕ್ಕಾಲು ತಿಂದಿತ್ತು. ಕಣ್ಣಿಗೆ ಹೊಡೆಯುವ ಬಿಳಿ ಪರದೆಯ ಮುಂದೆ ಅವರು ಸುಮ್ಮನೆ ಕೂತಿದ್ದರು. ಇಪ್ಪತ್ತು ಪ್ರಶ್ನೆಗಳೂ ಒಂದೊಂದಾಗಿ ಸರಿದು ಹೋದವು.

"ಬಿಡಿ ಯಜಮಾನ್ರೇ, ಮುಂದಿನ್ ಸಲ ಜಡ್ಜ್ ಆಗಿ ಕೂತ್ಕೊಳ್ಳಿ" ಎಂದರು ಸಂಘದ ಕಾರ್ಯದರ್ಶಿ ವಿಜಯ್ ಕುಮಾರ್. ಮುನಿಗಂಗಪ್ಪ ಒಂದು ವಾರ ಮನೆಯಿಂದ ಹೊರಗೆ ಬರಲಿಲ್ಲ.

ರಾಧಾಮಣಿ ಯಲಹಂಕದ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ವಿನ್ಯಾಸ ಮಾಡುತ್ತಿದ್ದಳು. ಅಕ್ಷರ, ಬಣ್ಣ ಗೊತ್ತು, ಕೋಡ್ ಗೊತ್ತಿಲ್ಲ. ಗಿರಾಕಿಗಳು ಬರುವ ಮೊದಲೇ ಅಂಗಡಿಗೆ ಹೋಗಿ, ವಿಡಿಯೋ ನೋಡಿ ನೋಡಿ ಕಲಿತಳು. ಯುಗಾದಿಯ ಹೊತ್ತಿಗೆ ಕಪ್ಪು ಹಿನ್ನೆಲೆಯ ಮೇಲೆ ದಪ್ಪ ಹಳದಿ ಅಕ್ಷರದ ಐದು ಪ್ರಶ್ನೆ ತಯಾರಾದವು.

ಅಪ್ಪ ಪರದೆಗೆ ಮುಖ ತಂದರು. "ಅಳದಿ ಅಕ್ಷರ ಎದ್ದು ನಿಂತವೆ ಕಣವ್ವ!"

ಕಪ್ಪು ಎಲ್ಲರಿಗೂ ಹಿಡಿಸದೆಂದು ಬಿಳಿ, ಕೆನೆ ಬಣ್ಣಗಳನ್ನೂ ಸೇರಿಸಿದಳು. ಬಟನ್ ಒತ್ತಿದರೆ ಇಡೀ ಪುಟದ ಬಣ್ಣ ಬದಲಾಗುತ್ತಿತ್ತು, ಇನ್ನೊಂದನ್ನು ಒತ್ತಿದರೆ ಅಕ್ಷರ ದೊಡ್ಡದಾಗುತ್ತಿತ್ತು.

ಅದೇ ದಿನಗಳಲ್ಲಿ ತಂಗಿಯ ಮದುವೆಯ ಕಾರ್ಡ್ ಮಾಡಿಸಲು ಜಾಫರ್ ಅಂಗಡಿಗೆ ಬಂದ. ಆರ್.ಟಿ. ನಗರದ ಆಫೀಸೊಂದರಲ್ಲಿ ಟೆಲಿಫೋನ್ ಆಪರೇಟರ್, ಹುಟ್ಟು ಕುರುಡ. ಪರದೆಯಲ್ಲಿ ಇರುವುದನ್ನೆಲ್ಲ ಅವನ ಫೋನು ಓದಿ ಹೇಳುತ್ತಿತ್ತು. ರಾಧಾಮಣಿ ಹೆಮ್ಮೆಯಿಂದ ತನ್ನ ಕ್ವಿಜ್ ತೆರೆದುಕೊಟ್ಟಳು.

"ಅಕ್ಕಾ, ಇದು ಬರೀ 'ಬಟನ್, ಬಟನ್' ಅಂತಿದೆ. ಯಾವ್ ಬಟನ್ ಅಂತ ನಾನೇನ್ ಕನಸ್ ಕಾಣ್ಲಾ?" ಎಂದ ಅವನು, ಅಂದಾಜಿನ ಮೇಲೆ ಒಂದನ್ನು ಒತ್ತಿದ. "ಸರೀನಾ ತಪ್ಪಾ?"

"ಹಸಿರು ಬಂತಲ್ಲ" ಎಂದವಳೇ ನಾಲಿಗೆ ಕಚ್ಚಿಕೊಂಡಳು.

ಜಾಫರ್ ಗಹಗಹಿಸಿ ನಕ್ಕ. ಅವಳಿಗೆ ನಗು ಬರಲಿಲ್ಲ. ಮರುದಿನದಿಂದಲೇ ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿದಳು. ಪ್ರತಿ ಬಟನ್ನಿಗೂ ಹೆಸರು ಕೊಟ್ಟಳು. ಬಣ್ಣದ ಜೊತೆಗೆ 'ಸರಿ', 'ತಪ್ಪು' ಎಂಬ ಮಾತೂ ಬರುವಂತಾಯಿತು. ಮೌಸ್ ಮುಟ್ಟದೆ ಕೀಲಿಮಣೆಯಿಂದಲೇ ಎಲ್ಲವೂ ನಡೆಯುವಂತಾಯಿತು. ಪ್ರತಿ ಶನಿವಾರ ಜಾಫರ್ ಪರೀಕ್ಷೆ ಮಾಡಿ ತಪ್ಪು ಹುಡುಕುತ್ತಿದ್ದ. ಅವನಿಗೆ ಹೊಸ ತಪ್ಪು ಸಿಗದ ಶನಿವಾರ ಬಂದದ್ದು ಅಕ್ಟೋಬರಿನಲ್ಲಿ.

ಈ ಸಲದ ರಾಜ್ಯೋತ್ಸವಕ್ಕೆ ಇದನ್ನೇ ಬಳಸಿ ಎಂದು ಅವಳು ಸಂಘಕ್ಕೆ ಹೋಗಿ ಕೇಳಿದಾಗ ವಿಜಯ್ ಕುಮಾರ್ ಹಿಂದೆಗೆದರು. "ಮನೇಲ್ ಮಾಡಿದ್ದು. ಮಧ್ಯದಲ್ಲಿ ನಿಂತೋದ್ರೆ ಸಂಘದ ಮಾನ ಹೋಗತ್ತೆ ಕಣಮ್ಮ."

"ನಿಂತ್ರೆ ಮೈಕ್ ಹಿಡ್ದು ನಾನೇ ಕ್ಷಮೆ ಕೇಳ್ತೀನಿ ಸರ್. ನೀವೇ ಒಂದ್ಸಲ ಆಡಿ ನೋಡಿ."

ಅವರು ಆಡಿದರು. ಎರಡನೇ ಪ್ರಶ್ನೆಗೇ, ಯಾರೂ ಹೇಳದೆ, ಅಕ್ಷರ ದೊಡ್ಡದು ಮಾಡುವ ಬಟನ್ ಒತ್ತಿದರು. ಆಮೇಲೆ ಆಕ್ಷೇಪ ಎತ್ತಲಿಲ್ಲ.

ಆ ನವೆಂಬರಿನಲ್ಲಿ, ಸಂಘದವರು ಅಂದೇ ತುಂಬಿಸಿದ ಇಪ್ಪತ್ತು ಹೊಸ ಪ್ರಶ್ನೆಗಳಿಗೆ ನಲವತ್ತಮೂರು ಜನ ಆಡಿದರು. ಕ್ವಿಜ್ ಎಲ್ಲೂ ನಿಲ್ಲಲಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಜಾಫರ್ ಹತ್ತೊಂಬತ್ತು ಅಂಕ ಪಡೆದು ಮೊದಲಿಗನಾದ. ಹದಿನೆಂಟು ಪಡೆದ ಮುನಿಗಂಗಪ್ಪ ಎರಡನೆಯವರು. ವೇದಿಕೆಯಲ್ಲೇ ಅವರು ಜಾಫರನನ್ನು ತಬ್ಬಿಕೊಂಡರು. ಆಮೇಲೆ ಮೈಕ್ ಕಸಿದುಕೊಂಡು, "ಇದನ್ನ ಮಾಡಿದ್ದು ನನ್ ಮಗಳು!" ಎಂದು ಕೂಗಿದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಹಿಂದಿನ ಸಾಲಿನಲ್ಲಿದ್ದ ರಾಧಾಮಣಿಯನ್ನು ಯಾರೋ ಹೆಂಗಸರು ಕೈಹಿಡಿದು ವೇದಿಕೆಗೆ ಎಳೆದುಕೊಂಡು ಬಂದರು.