ಜಗಲಿಯಲ್ಲಿ ಕೇಳಿದ ಪ್ರಶ್ನೆ

ಆ ದಿನ ಬೆಳಗ್ಗೆ ಸೂಜಿ, ಸಿರಿಂಜು ಕುದಿಸಿದೆ, ಎರಡು ಬಿಳಿ ಸೀರೆ ಒಗೆದು ಹರವಿದೆ, ಶಾಲೆಯ ಮಕ್ಕಳಿಗೆ ಚುಚ್ಚುಮದ್ದು ಹಾಕಿದೆ, ಕಿತ್ತುಹೋದ ಚಪ್ಪಲಿಯ ಬಾರನ್ನು ಹೊಲಿದೆ. ಮಧ್ಯಾಹ್ನದ ಮೇಲೆ ಗುತ್ತಿಗಾರಿನಾಚೆ ಒಬ್ಬ ಬಸುರಿಯನ್ನು ನೋಡಲು ಹೊರಟೆ. ಎಪ್ಪತ್ತರ ದಶಕದ ಕೊನೆಯ ಮಾತು ಇದು. ಬಯಲುಸೀಮೆಯಿಂದ ನರ್ಸಾಗಿ ಬಂದು ನನಗೆ ಎಂಟು ತಿಂಗಳಾಗಿತ್ತು. ಇಲ್ಲಿಯವರ ಮನೆಮಾತಾದ ಅರೆಭಾಷೆಯನ್ನು ಪುಸ್ತಕದಲ್ಲಿ ಬರೆದಿಟ್ಟು ಬಾಯಿಪಾಠ ಮಾಡುತ್ತಿದ್ದೆ. ಮನೆ ಭೇಟಿಗೆ ಯಾವಾಗಲೂ ಜೊತೆಗೆ ಬರುತ್ತಿದ್ದ, ಇದೇ ಊರಿನ ಹಿರಿಯ ಆಯಾ, "ಪರೀಕ್ಷೆ ಯಾವಾಗ ನರ್ಸಮ್ಮ?" ಎಂದು ನಗಾಡುತ್ತಿದ್ದರು.

ಬಸುರಿ ಜಗಲಿಯ ಕಂಬ ಹಿಡಿದು ನಿಂತಿದ್ದಳು. ದಿನ ತುಂಬಲು ಇನ್ನೂ ತಿಂಗಳಿತ್ತು. ಅವಳ ಮಾವ ಅಲ್ಲೇ ಕೂತು ವೀಳ್ಯ ಮಡಚುತ್ತಿದ್ದರು.

"ಬೇನೆ ಉಟ್ಟಾ?" ನೋವಿದೆಯೇ ಎಂದು ಅವರ ಭಾಷೆಯಲ್ಲೇ, ಒಂದಕ್ಷರ ತಪ್ಪದೆ ಕೇಳಿದೆ.

"ಇಲ್ಲೆ ಅಕ್ಕ."

ರಕ್ತ ಹೋಗುತ್ತಿದೆಯೇ ಎಂದೂ ಕೇಳಿದೆ. ಅವಳು ನೆಲ ನೋಡುತ್ತ "ಇಲ್ಲೆ" ಎಂದಳು. 'ತೊಂದರೆ ಇಲ್ಲ' ಎಂದು ಬರೆದುಕೊಂಡು ಅಂಗಳ ಇಳಿದೆ. ನೀರು ಹರಿಯುವ ತೋಡಿನ ಹತ್ತಿರ ಆಯಾ ನಿಂತುಬಿಟ್ಟರು.

"ಅವಳು ನಮಗೆ ಬೆಲ್ಲ-ನೀರು ಕೊಟ್ಟಳಾ?"

"ಈಗ ನಿಮಗೆ ಬೆಲ್ಲ ಬೇಕಾಯಿತಾ?" ನನಗೆ ಬಸ್ಸಿನ ಅವಸರ.

"ಅದಲ್ಲ ಮಾರಾಯ್ರೆ. ಬಂದವರನ್ನು ಹಾಗೆ ಕಳಿಸುವ ಹೆಣ್ಣಲ್ಲ ಅದು. ಕಂಬ ಬಿಡ್ಲಿಕ್ಕೇ ಆಗ್ಲಿಲ್ಲ ಅವಳಿಗೆ. ಮತ್ತೆ ಮಾವನ ಎದುರು ಅದೆಲ್ಲ ಉಂಟು ಅಂತ ಯಾರು ಹೇಳ್ತಾರೆ? ನೀವು ಹೇಳ್ತೀರಾ?"

ಓಡಿದೆವು. ಒಳಕೋಣೆಯಲ್ಲಿ ಅವಳು ಚಾಪೆಯ ಮೇಲೆ ಬಿದ್ದಿದ್ದಳು. ಸೀರೆ ತೊಯ್ದು ಕೆಂಪಾಗಿತ್ತು. ಆಯಾ ಬಾಗಿಲು ಮುಚ್ಚಿ, ಅವಳ ಕಿವಿಯ ಬಳಿ, "ಯಾವಾಗಿಂದ ಮಗಾ?" ಎಂದರು. ಬೆಳಗ್ಗಿನಿಂದ ಎಂದು ಅವಳ ತುಟಿ ಅಲುಗಿತು.

ಜೀಪು ತರಲು ಮಾವನೇ ಓಡಿದರು. ಅದು ಬರುವವರೆಗೂ ನಾಡಿ ಹಿಡಿದು ಕೂತೆ. ಬೆರಳಿಗೆ ಸಿಗುತ್ತಿತ್ತು, ಮತ್ತೆ ಜಾರುತ್ತಿತ್ತು. ಪುತ್ತೂರಿನ ದಾರಿಯ ಪ್ರತಿ ತಿರುವಿನಲ್ಲೂ ಅವಳನ್ನು ಹೆಸರು ಹಿಡಿದು ಕರೆದೆವು. ನನ್ನ ಪುಸ್ತಕದಲ್ಲಿ ಪ್ರತಿಯೊಂದು ಶಬ್ದಕ್ಕೂ ಅರ್ಥವಿತ್ತು. ಯಾವುದನ್ನು ಯಾರೆದುರು ಕೇಳಬಾರದೆಂದು ಎಲ್ಲೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಇಬ್ಬರೂ ಉಳಿದರು.

"ನಾನು ಅಲ್ಲೇ ಇದ್ದೆನಲ್ಲ, ಹೇಳ್ಬಹುದಿತ್ತಲ್ಲ?" ಎಂದರು ಮಾವ.

"ನೀವಿದ್ದಿರಿ, ಅದಕ್ಕೇ," ಎಂದರು ಆಯಾ.

ಮಾವ ಎದ್ದು ಹೋದರು. ಎದುರಿನ ಹೋಟೆಲಿನಿಂದ ಗಂಜಿ, ಉಪ್ಪಿನಕಾಯಿ ತಂದು ನಮ್ಮ ಮುಂದಿಟ್ಟರು. ಮೂವರೂ ಉಂಡೆವು. ಮೊದಲು ನಿದ್ದೆ ಹೋದವರು ಮಾವನೇ, ಬೆಂಚಿನ ಮೇಲೆ ಕೂತಲ್ಲಿಯೇ.